ಬಸ್ಸು ತುಂಬಿಸಲು ಹೋದವರು

ನಮ್ಮೂರಿಗೆ ಬರುತ್ತಿದ್ದ ಪ್ರೈವೇಟ್ ಬಸ್ಸು ಒಂದೇ ದಿನಕ್ಕೆ ನಿಂತು ಹೋಗಲಿಲ್ಲ. ಮೊದಲು ಭಾನುವಾರ ಬರುವುದನ್ನು ಬಿಟ್ಟಿತು. ಆಮೇಲೆ ಸಂಜೆಯ ಟ್ರಿಪ್ಪು ಹೋಯಿತು. ಕೊನೆಗೆ ಬೆಳಗಿನ ಟ್ರಿಪ್ಪು ಒಂದು ದಿನ ಬಂದರೆ ಎರಡು ದಿನ ಇಲ್ಲ ಎನ್ನುವಂತಾಗಿ, ಕಾಯುವವರೇ ಬೇಸತ್ತು ಕಾಯುವುದನ್ನು ಬಿಟ್ಟ ಮೇಲೆ, ಯಾರಿಗೂ ಗೊತ್ತಾಗದ ಹಾಗೆ ಅದೂ ನಿಂತಿತು.

ತಿಪಟೂರಿನಿಂದ ಹೊನ್ನವಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಕವಲೊಡೆದು, ತೆಂಗಿನ ತೋಟಗಳ ನಡುವೆ ಒಳಕ್ಕೆ ಬಂದರೆ ನಮ್ಮೂರು. ಆ ಕವಲಿಗೆ ನಾವು ಗೇಟ್ ಅನ್ನುತ್ತೇವೆ. ಅಲ್ಲಿ ಗೇಟೇನೂ ಇಲ್ಲ, ಬಣ್ಣ ಹೋದ ಒಂದು ಶೆಲ್ಟರ್ ಇದೆ, ಅಷ್ಟೆ. ಅಲ್ಲಿಂದ ಊರಿಗೆ ಅರ್ಧ ಗಂಟೆಗೂ ಮೇಲ್ಪಟ್ಟ ನಡಿಗೆ. ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಎಂದಾದ ಮೇಲೆ ನಮ್ಮೂರಿನ ಹೆಂಗಸರು ಗೇಟಿನವರೆಗೆ ನಡೆದು ಹೋಗಿ ಆ ಬಸ್ಸನ್ನೇ ಹತ್ತತೊಡಗಿದರು. ಅವರದೇನೂ ತಪ್ಪಿಲ್ಲ. ಜೀವಮಾನದಲ್ಲಿ ಮೊದಲ ಸಲ ಗಂಡನ ಮುಖ ನೋಡದೆ ತಿಪಟೂರಿಗೆ ಹೋಗಿ ಬರುವ ಯೋಗ ಅವರಿಗೆ ಬಂದಿತ್ತು. ಗಂಡಸರಿಗೆ ಬೈಕಿದ್ದವು. ಹೀಗಾಗಿ ಊರೊಳಗೇ ಬಂದು, ಶಾಲೆಯ ಮುಂದಿನ ಬಯಲಿನಲ್ಲಿ ತಿರುಗಿಸಿಕೊಂಡು ಹೋಗುತ್ತಿದ್ದ ಪ್ರೈವೇಟ್ ಬಸ್ಸಿಗೆ ಜನರೇ ಇಲ್ಲವಾದರು.

ಶಾಲೆಯೂ ಅದೇ ಸುಮಾರಿಗೆ ಮುಚ್ಚಿತು. ಮುಚ್ಚಿದರು ಅನ್ನುವುದಕ್ಕಿಂತ ಮಕ್ಕಳು ಮುಗಿದರು ಅನ್ನಬೇಕು. ಕೊನೆಗೆ ಉಳಿದಿದ್ದು ಒಬ್ಬ ಅಕ್ಕ ಮತ್ತು ಅವಳ ತಮ್ಮ. ಅವರ ತಾಯಿ ಇಬ್ಬರನ್ನೂ ಕಟ್ಟಿಕೊಂಡು ತವರಿಗೆ ಹೋದಳು, ಅಲ್ಲಿ ಸ್ಕೂಲ್ ವ್ಯಾನ್ ಮನೆಬಾಗಿಲಿಗೆ ಬರುತ್ತದೆ ಎಂದು. ಶಾಲೆಯ ಬಾಗಿಲಿಗೆ ಬೀಗ ಬಿದ್ದಾಗ ನನಗೆ ವಿಶೇಷವಾಗಿ ಏನೂ ಅನ್ನಿಸಲಿಲ್ಲ. ನನಗೆ ಮದುವೆಯೇ ಆಗಿರಲಿಲ್ಲ, ಇನ್ನು ಶಾಲೆಯ ಯೋಚನೆ ಎಲ್ಲಿಂದ?

ನನ್ನೊಬ್ಬನ ಕತೆಯಲ್ಲ ಇದು. ನಮ್ಮ ಬೀದಿಯಲ್ಲೇ ಮದುವೆಯ ವಯಸ್ಸು ದಾಟಿದ ಗಂಡಸರು ಮನೆಗೊಬ್ಬರಂತೆ ಇದ್ದೆವು. ತೋಟವಿದೆ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ ಇದೆ, ಕುಡಿತವಿಲ್ಲ, ಜೂಜಿಲ್ಲ. ಹೆಣ್ಣು ಕೊಡುವವರು ಇಲ್ಲ. ಮೊದಮೊದಲು ಜಾತಕ ನೋಡುತ್ತಿದ್ದರು, ಆಮೇಲೆ ಓದು ಕೇಳುತ್ತಿದ್ದರು. ಈಚೆಗೆ ಫೋನಿನಲ್ಲೇ ಮೊದಲ ಪ್ರಶ್ನೆ, "ನಿಮ್ಮೂರಿಗೆ ಬಸ್ಸು ಅದಾ?" ಇಲ್ಲ ಎಂದ ಕೂಡಲೇ ಆ ಕಡೆಯವರಿಗೆ ಯಾರೋ ಕರೆದಂತಾಗಿ, ಆಮೇಲೆ ಮಾಡ್ತೀವಿ ಎಂದು ಫೋನ್ ಇಡುತ್ತಿದ್ದರು. ಅಮ್ಮ ಆ ಆಮೇಲೆಗೆ ಕಾಯುತ್ತ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡೇ ಹಾಲು ಕರೆಯುತ್ತಿದ್ದಳು.

ನನ್ನ ಅಕ್ಕನನ್ನು ತುರುವೇಕೆರೆ ಕಡೆ, ಸಂಪಿಗೆಯ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಅವಳು ಒಂದು ದಿನ ಫೋನ್ ಮಾಡಿ, ಅವರೂರಿನ ಪಕ್ಕದ ಊರಲ್ಲಿ ಒಂದು ಹೆಣ್ಣಿದೆ, ವಯಸ್ಸು ಸ್ವಲ್ಪ ಆಗಿದೆ, ತಿಪಟೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ ಎಂದಳು. ಮನೆ ನೋಡಲು ಅವರು ಬರುತ್ತಾರಂತೆ, ಹುಡುಗಿಯೂ ಬರುತ್ತಾಳಂತೆ. ಹುಡುಗಿ ತಾನೇ ಗಂಡಿನ ಮನೆ ನೋಡಲು ಬರುವುದು ನಮ್ಮ ಕಡೆ ಅಪರೂಪ. ಅಮ್ಮ, "ಬರ್ಲಿ ಬುಡು, ಯಾರಾರಾ ಬರ್ಲಿ" ಎಂದು ಅವತ್ತಿನಿಂದಲೇ ಗೋಡೆಗೆ ಸುಣ್ಣ ಹೊಡೆಸಲು ಶುರುಮಾಡಿದಳು.

ಅವರು ತಿಪಟೂರಿನಿಂದ ಸರ್ಕಾರಿ ಬಸ್ಸಿನಲ್ಲಿ ಬಂದು ಗೇಟಿನಲ್ಲಿ ಇಳಿದರು. ಅಪ್ಪ, ಅಮ್ಮ, ಹುಡುಗಿ, ಜೊತೆಯಲ್ಲಿ ನನ್ನಕ್ಕ. ನಾನು ಪಕ್ಕದ ಮನೆಯವರ ವ್ಯಾನು ತೆಗೆದುಕೊಂಡು ಹೋಗಿ ನಿಂತಿದ್ದೆ. ಹುಡುಗಿಯ ತಂದೆ ವ್ಯಾನಿನ ಕಡೆಗೊಮ್ಮೆ, ಒಳಕ್ಕೆ ಹೋಗುವ ದಾರಿಯ ಕಡೆಗೊಮ್ಮೆ ನೋಡಿದರು.

"ನಡ್ಕೊಂಡೇ ಹೋಗಣ ಕಣಪ್ಪ. ನಾಳೆ ನಮ್ಮ ಹುಡುಗಿ ಓಡಾಡೋ ದಾರಿ ತಾನೆ, ನೋಡ್ಬೇಕಲ್ಲ," ಎಂದರು.

ವ್ಯಾನನ್ನು ಅಲ್ಲೇ ಬಿಟ್ಟು ನಾನೂ ನಡೆದೆ. ಬಿಸಿಲಿತ್ತು. ದಾರಿಯಲ್ಲಿ ಯಾರೂ ಎದುರಾಗಲಿಲ್ಲ. ಕರಿಹುಳು ಬಿದ್ದು ಸುಟ್ಟಂತಾದ ಗರಿಗಳು ಎರಡೂ ಕಡೆಯ ತೋಟಗಳಲ್ಲಿ ಜೋತು ಬಿದ್ದಿದ್ದವು. ಒಂದು ಕಡೆ ಕಾಯಿ ಸುಲಿದ ಮಟ್ಟೆಯ ಗುಡ್ಡೆ, ಇನ್ನೊಂದು ಕಡೆ ಬಾಗಿಲು ಮುರಿದ ಪಂಪ್‌ಹೌಸು. ದಾರಿಯುದ್ದಕ್ಕೂ ಒಂದು ಬೀದಿದೀಪದ ಕಂಬವಿಲ್ಲ. ನಾನು ದಿನಾ ಬೈಕಿನಲ್ಲಿ ಹೋಗುವ ದಾರಿ ಅಷ್ಟು ಉದ್ದವಿದೆ ಎಂದು ಅವತ್ತೇ ಗೊತ್ತಾದದ್ದು. ಹುಡುಗಿಯ ತಾಯಿ ಎರಡು ಸಲ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು.

ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಎಳನೀರು ಎಲ್ಲ ಆಯಿತು. ಹುಡುಗಿ ನನ್ನಕ್ಕನನ್ನು ಕರೆದುಕೊಂಡು ಊರು ನೋಡಿ ಬರುತ್ತೇನೆಂದು ಹೋದಳು. ನೋಡಲು ಎಷ್ಟಿದೆ? ಬೇಗನೆ ಬಂದಳು. ಬಂದವಳು ಹಿತ್ತಿಲಲ್ಲಿ ಹಸುಗಳಿಗೆ ನೀರಿಡುತ್ತಿದ್ದ ನನ್ನ ಹತ್ತಿರ ಬಂದು ನಿಂತಳು. ಅಕ್ಕ ಸ್ವಲ್ಪ ದೂರದಲ್ಲಿ ಉಳಿದಳು.

"ಊರಲ್ಲಿ ಒಂದು ಮಗುನೂ ಕಾಣ್ಲಿಲ್ಲ," ಎಂದಳು.

"ರಜ ಇದ್ದಾಗ ಬತ್ತಾವೆ," ಎಂದೆ.

"ನಾಳೆ ನಂಗೊಂದು ಮಗು ಆದ್ರೆ ಅದು ಯಾರ ಜೊತೆ ಆಡುತ್ತೆ?"

ನನ್ನ ಮದುವೆಯ ಮಾತಿನಲ್ಲಿ ಮಗುವಿನ ಮಾತು ಎತ್ತಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನನಗೆ ಕೈಯಲ್ಲಿದ್ದ ಬಕೆಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳೇ ಮುಂದುವರಿದಳು. ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ, ಕೆಲಸ ಮಾತ್ರ ಬಿಡುವುದಿಲ್ಲ ಎಂದಳು. ಲ್ಯಾಬು ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಬೈಕಿನಲ್ಲಿ ಕರೆತರುತ್ತೇನೆ ಎಂದು ನಾನು ಬಾಯಿ ತೆರೆಯುವ ಮೊದಲೇ ಅಕ್ಕ ದೂರದಿಂದ ಬೇಡ ಎಂಬಂತೆ ಕೈ ಆಡಿಸಿದಳು. ಹುಡುಗಿಯ ತಮ್ಮ ಹೈವೇಯಲ್ಲಿ ಬೈಕಿನಿಂದ ಬಿದ್ದು ಸತ್ತಿದ್ದ. ಹಿಂದೆ ಕೂತಿದ್ದವಳು ಇವಳೇ. ಅವತ್ತಿನಿಂದ ಅವಳು ಬೈಕು, ಸ್ಕೂಟರು ಹತ್ತಿಲ್ಲವಂತೆ. ಇದನ್ನು ಅವಳೇ ಹೇಳಿದಳು, ಯಾರದೋ ವಿಷಯ ಹೇಳುವ ಹಾಗೆ.

"ಹಂಗಾದ್ರೆ ದಿನಾ ನಾನು ಗೇಟಿಗೆ ಬಂದು ನಿಂತ್ಕತ್ತೀನಿ. ಜೊತೇಲಿ ನಡ್ಕೊಂಡು ಬರಣ," ಎಂದೆ.

ಅವಳು ನಕ್ಕಳು. ಒಳ್ಳೆಯ ನಗು. "ಎಷ್ಟು ದಿನ ಬತ್ತೀರ? ಕಾಯಿ ಕೀಳ್ಸೋ ಕಾಲಕ್ಕೆ ಒಂದಿನ ತಪ್ಪುತ್ತೆ. ಮಳೆಗಾಲಕ್ಕೆ ಇನ್ನೊಂದಿನ. ಆಮೇಲೆ ನೀವೇ, ಯಾಕಿಷ್ಟು ಕಷ್ಟ, ಕೆಲ್ಸ ಬುಟ್ಬುಡು ಅಂತೀರ. ನಮ್ಮಕ್ಕಂಗೂ ಮದ್ವೆ ಆದ್ಮೇಲೆ ಹಿಂಗೇ ಆಗಿದ್ದು. ಬಸ್ಸು ಬರೋ ಹಂಗೆ ಮಾಡಿ, ನಾನು ಬತ್ತೀನಿ."

ಅವರನ್ನು ಗೇಟಿನವರೆಗೆ ಕಳಿಸಿ ಬಂದ ಮೇಲೆ ನಾನು ನೆಟ್ಟಗೆ ದೊಡ್ಡಪ್ಪನ ಮನೆಗೆ ಹೋದೆ. ಅಪ್ಪ ಹೋದ ಮೇಲೆ ನಮಗೆ ಹಿರಿಯರೆಂದರೆ ಅಪ್ಪನ ಅಣ್ಣನಾದ ಈ ದೊಡ್ಡಪ್ಪನೇ. ಹಣೆಗೆ ಅಡ್ಡಲಾಗಿ ವಿಭೂತಿ, ಬಿಳಿ ಪಂಚೆ, ಯಾರ ಮುಂದೆಯೂ ಗಟ್ಟಿ ದನಿ. ಹುಡುಗಿ ಹೇಳಿದ್ದನ್ನೆಲ್ಲ ಕೇಳಿ ಅವನು ತೊಡೆ ತಟ್ಟಿಕೊಂಡ. "ಸರಿಯಾಗೇ ಕೇಳವ್ಳೆ ಕಣ್ಲಾ. ನಡಿ, ಬಸ್ಸಿನ ಓನರ್ ಮನೆಗೆ ಹೋಗಣ."

ನಮ್ಮ ಬೀದಿಯ ಮದುವೆಯಾಗದವರೆಲ್ಲ ಹೊರಟೆವು. ಬಸ್ಸಿನ ಮಾಲೀಕರ ಮನೆ ತಿಪಟೂರಿನಲ್ಲೇ. ವರಾಂಡದಲ್ಲಿ ಕುರ್ಚಿ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತೆವು. ಅವರು ಕೆಟ್ಟವರೇನಲ್ಲ. ಕಾಫಿ ತರಿಸಿದರು.

"ಬಸ್ಸು ಓಡ್ಸೋಕೆ ನಂಗೂ ಆಸೆನೇ ಕಣ್ರೀ. ನಮ್ಮಪ್ಪ ಆ ರೂಟು ಶುರು ಮಾಡಿದ್ದು. ಯಾರನ್ನ ಕೂರಿಸ್ಕೊಂಡು ಓಡಿಸ್ಲಿ, ಹೇಳಿ? ನಿಮ್ಮೂರಲ್ಲಿ ಜನ ಎಲ್ಲವ್ರೆ?"

"ನಾವಿಲ್ವಾ? ನಾವೇನು ದನವಾ?" ಎಂದ ದೊಡ್ಡಪ್ಪ.

"ಬಸ್ಸಿದ್ದಾಗ ಹತ್ತಲಿಲ್ವಲ್ಲ ಯಜಮಾನ್ರೆ."

"ಈಗ ಹತ್ತುತೀವಿ. ಇವನ ಮದ್ವೆ ನಿಂತೋಯ್ತದೆ ಬಸ್ಸಿಲ್ದೆ."

ಮಾಲೀಕರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಒಂದು ತಿಂಗಳು ಬೆಳಿಗ್ಗೆ ಸಂಜೆ ಕಳಿಸಿ ನೋಡುತ್ತೇನೆ, ಜನ ಬಂದರೆ ಮುಂದುವರಿಸೋಣ, ಇಲ್ಲವಾದರೆ ನನ್ನನ್ನು ಕೇಳಬೇಡಿ ಎಂದರು.

ಸೋಮವಾರ ಬೆಳಿಗ್ಗೆ ಹಾರ್ನ್ ಕೇಳಿದಾಗ ಅಮ್ಮ ಬರಿಗಾಲಲ್ಲೇ ಓಡಿದಳು. ಬಸ್ಸಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಮುಂದೆ ಕಾಯಿ ಒಡೆದಳು. ಡ್ರೈವರು ಹೊಸಬ, ಕಂಡಕ್ಟರು ಹಳಬನೇ. ಊರಿನ ಎಲ್ಲ ಹೆಂಗಸರೂ ಬಾಗಿಲಿಗೆ ಬಂದು ನೋಡಿದರು. ಗಂಡಸರು ಹತ್ತಿದೆವು. ದೊಡ್ಡಪ್ಪ ಡ್ರೈವರ್ ಹಿಂದಿನ ಮೊದಲ ಸೀಟಿನಲ್ಲಿ ಛತ್ರಿ ಊರಿಕೊಂಡು ಕೂತ.

ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ, ಜೊತೆಗೆ ಇನ್ನೇನೋ ಬರುತ್ತದೆ. ತಿಪಟೂರಿನಲ್ಲಿ ನಮಗೆ ಕೆಲಸವೇನೂ ಇರಲಿಲ್ಲ. ಬಸ್ಸು ತುಂಬಿಸುವುದೇ ಕೆಲಸ. ಸ್ಟ್ಯಾಂಡಿನಲ್ಲಿ ಇಳಿದು, ಟೀ ಕುಡಿದು, ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲಗಳ ನಡುವೆ ಅಡ್ಡಾಡಿ, ನಮ್ಮ ಕೊಬ್ಬರಿ ಇಲ್ಲದಿದ್ದರೂ ರೇಟು ಕೇಳಿ, ಮಧ್ಯಾಹ್ನ ರೈಲ್ವೆ ಸ್ಟೇಷನ್ನಿನ ಬೆಂಚುಗಳ ಮೇಲೆ ಒರಗುತ್ತಿದ್ದೆವು. ದೊಡ್ಡಪ್ಪ ದಿನಾ ಒಂದೊಂದು ನೆಪ ಮಾಡಿಕೊಳ್ಳುತ್ತಿದ್ದ. ಇವತ್ತು ಕನ್ನಡಕ, ನಾಳೆ ವೀಳ್ಯದೆಲೆ, ನಾಡಿದ್ದು ಕ್ಷೌರ. ಕ್ಷೌರಕ್ಕೆ ಒಂದೇ ವಾರದಲ್ಲಿ ಎರಡನೆಯ ಸಲ ಹೋದಾಗ, ತೆಗೆಯಲು ಕೂದಲೇ ಇಲ್ಲವಲ್ಲ ಎಂದು ಅಂಗಡಿಯವನು ವಾಪಸ್ಸು ಕಳಿಸಿದನಂತೆ. ಸಂಜೆ ಅದೇ ಬಸ್ಸಿನಲ್ಲಿ ಎಲ್ಲರೂ ವಾಪಸ್ಸು.

ಕಂಡಕ್ಟರಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ನನ್ನ ಕೈಗೆ ಟಿಕೆಟ್ ಕೊಡುತ್ತ, "ನೀವೆಲ್ಲ ಯಾವ ಆಫೀಸಿಗೆ ಹೋಯ್ತಿದ್ದೀರಿ ಅಂತ ನಂಗೊತ್ತಿಲ್ವೇನಣ್ಣ? ಆಗ್ಲಿ, ನಿಮ್ಮ ಮದ್ವೆ ಊಟ ನಂಗೂ ಹಾಕ್ಸಿ," ಎಂದ.

ಒಂದು ಸಂಜೆ ಅವಳು ಬಂದಳು. ಹೇಳಿರಲಿಲ್ಲ. ತಿಪಟೂರಿನ ಸ್ಟ್ಯಾಂಡಿನಲ್ಲಿ, ಲ್ಯಾಬಿನಿಂದ ನೇರವಾಗಿ, ಕೈಯಲ್ಲಿ ಟಿಫನ್ ಬ್ಯಾಗು ಹಿಡಿದು ನಮ್ಮ ಬಸ್ಸು ಹತ್ತಿದಳು. ನಮ್ಮ ಹುಡುಗರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡತೊಡಗಿದರು. ಅವಳು ನನ್ನ ಪಕ್ಕದ ಸಾಲಿನಲ್ಲಿ, ನಡುವೆ ಓಡಾಡುವ ಜಾಗ ಬಿಟ್ಟು, ಕೂತಳು. ಗೇಟು ದಾಟಿ ಬಸ್ಸು ಒಳದಾರಿಗೆ ತಿರುಗಿದಾಗ ಹೊರಗೆ ಪೂರಾ ಕತ್ತಲು. ಹೆಡ್‌ಲೈಟಿನ ಬೆಳಕಿನಲ್ಲಿ ತೆಂಗಿನ ಮರಗಳ ಬುಡಗಳು ಒಂದೊಂದಾಗಿ ಬಂದು ಹಿಂದೆ ಹೋಗುತ್ತಿದ್ದವು.

"ಬಸ್ಸೊಳಗೆ ಕೂತ್ರೆ ಹೆದರಿಕೆ ಆಗಲ್ಲ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಇವ್ರೆಲ್ಲ ನಿಮ್ಮೂರೋರಾ? ದಿನಾ ಬತ್ತಾರಾ?"

"ದಿನಾ," ಎಂದೆ.

ಅವಳು ನಂಬಿದಳೋ ಇಲ್ಲವೋ ತಿಳಿಯದು. ಅವತ್ತು ನಮ್ಮ ಮನೆಯಲ್ಲಿ ಕಾಫಿ ಕುಡಿದು, ಬಸ್ಸು ತಿರುಗುವಷ್ಟರಲ್ಲಿ ಓಡಿಹೋಗಿ ಹತ್ತಿಕೊಂಡಳು. ಅಮ್ಮ ಅವಳ ತಲೆಗೆ ಒಂದು ಮೊಳ ಕನಕಾಂಬರ ಮುಡಿಸಿದ್ದಳು. ಬಸ್ಸಿನ ಹಿಂದಿನ ಗಾಜಿನಲ್ಲಿ ಆ ಹೂವು ಕಂಡಿದ್ದು ನನಗೆ ನೆನಪಿದೆ. ಅದಕ್ಕಿಂತ ದೊಡ್ಡ ಸಂತೋಷ ನನಗೆ ಬೇರೆ ಬಂದಿಲ್ಲ. ವಾರದೊಳಗೆ ಅವಳ ತಂದೆ ಫೋನ್ ಮಾಡಿ, ಒಳ್ಳೆಯ ದಿನ ನೋಡಿ ಒಪ್ಪಿಗೆಯ ಶಾಸ್ತ್ರ ಮಾಡಿಕೊಳ್ಳೋಣ ಎಂದರು.

ಆಮೇಲೆ ಕಾಯಿ ಕೀಳಿಸುವ ಕಾಲ ಬಂತು. ಮರ ಹತ್ತುವವರು ಈಗ ಸಿಗುವುದೇ ಕಷ್ಟ. ಬರುತ್ತೇನೆಂದ ದಿನ ನಾವು ತೋಟದಲ್ಲಿ ಇರದಿದ್ದರೆ ಅವರು ಮುಂದಿನ ತೋಟಕ್ಕೆ ಹೋಗುತ್ತಾರೆ. ಒಬ್ಬೊಬ್ಬರಾಗಿ ನಮ್ಮ ಹುಡುಗರು ಬಸ್ಸು ತಪ್ಪಿಸತೊಡಗಿದರು. ಒಬ್ಬನಿಗೆ ಜ್ವರ, ಒಬ್ಬನ ಬೋರ್‌ವೆಲ್ಲಿನ ಮೋಟರು ಸುಟ್ಟಿತ್ತು. ಅವರನ್ನು ಕರೆಯಲು ನಾನೇ ಬೆಳಿಗ್ಗೆ ಮನೆಮನೆಗೆ ಹೋಗುತ್ತಿದ್ದೆ. ಹಾಗೆ ಹೋದಾಗ ಒಂದು ದಿನ, ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು, ನನ್ನ ಹಾಗೇ ಮದುವೆಯಾಗದವನು, ಬಾಗಿಲಲ್ಲೇ ನಿಂತು ರೇಗಿದ.

"ನಿನ್ನ ಮದ್ವೆಗೆ ನಾವು ಎಷ್ಟು ದಿನ ಊರು ತಿರುಗ್ಬೇಕ್ಲಾ? ನಂಗೆ ಯಾವಳು ಬತ್ತಾಳೆ ಅಂತ ನಾನು ಬಸ್ಸಲ್ಲಿ ಕೂತ್ಕಳ್ಳಿ?"

ಅವನು ಹೇಳಿದ್ದು ಸುಳ್ಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಹೆಂಗಸರನ್ನು ಕೇಳಿನೋಡಿದೆ. ಚಿಕ್ಕಮ್ಮ ತಾನು ಬರುತ್ತೇನೆಂದು ಎರಡು ದಿನ ಬಂದಳು. ಮೂರನೆಯ ದಿನ, "ಸುಮ್ಮನೆ ಹೋಗಿ ಸುಮ್ಮನೆ ಬರೋಕೆ ಯಾಕಪ್ಪ ಟಿಕೆಟ್ಟು, ಗೇಟಲ್ಲಿ ಆ ಬಸ್ಸಿಲ್ವಾ?" ಎಂದಳು. ಅವಳಿಗೆ ಕೈ ಮುಗಿಯುವುದೊಂದು ಬಾಕಿ ಇತ್ತು. ಅದನ್ನು ಮಾಡಲು ನಾಚಿಕೆಯಾಯಿತು.

ಕೊನೆಯ ವಾರ ಬಸ್ಸಿನಲ್ಲಿ ಇದ್ದದ್ದು ನಾನು ಮತ್ತು ದೊಡ್ಡಪ್ಪ. ಅವನು ಅದೇ ಮೊದಲ ಸೀಟಿನಲ್ಲಿ, ನಾನು ಅವನ ಹಿಂದೆ. ಖಾಲಿ ಸೀಟುಗಳು ಹಳ್ಳ ಬಂದಾಗಲೆಲ್ಲ ಗಡಗಡ ಅನ್ನುತ್ತಿದ್ದವು. ಕಂಡಕ್ಟರು ತಮಾಷೆ ನಿಲ್ಲಿಸಿದ್ದ. ಶನಿವಾರ ಸಂಜೆ ನಾವು ಇಳಿಯುವಾಗ ಅವನು ದೊಡ್ಡಪ್ಪನ ಕೈ ಹಿಡಿದು ಇಳಿಸಿ, "ಯಜಮಾನ್ರೆ, ಹುಷಾರು," ಎಂದ. ಅಷ್ಟೇ ಹೇಳಿದ. ಸೋಮವಾರ ಬಸ್ಸು ಬರಲಿಲ್ಲ. ದೊಡ್ಡಪ್ಪ ಬಿಸಿಲು ಏರುವವರೆಗೂ ಶಾಲೆಯ ಮುಂದೆ ನಿಂತಿದ್ದ. ನಾನು ಹೋಗಿ ಕರೆದರೆ, "ಲೇಟಾಗಿರ್ಬೇಕು ಕಣ್ಲಾ, ಪಂಚರ್ ಗಿಂಚರ್ ಆಗಿರ್ತದೆ," ಎಂದ. ಬಲವಂತ ಮಾಡಿ ಮನೆಗೆ ಕರೆತರಬೇಕಾಯಿತು.

ನಾನು ಅವಳಿಗೆ ಫೋನ್ ಮಾಡಲಿಲ್ಲ. ಏನೆಂದು ಹೇಳುವುದು? ಅವಳೇ ಮಾಡಿದಳು. ಸ್ಟ್ಯಾಂಡಿನಲ್ಲಿ ವಿಚಾರಿಸಿದ್ದಳಂತೆ.

"ಬಸ್ಸು ನಿಂತೋಯ್ತಂತೆ."

"ಹೂಂ."

ಅವಳ ಕಡೆ ಯಾವುದೋ ಮೆಷಿನ್ನಿನ ಸದ್ದು ಬರುತ್ತಿತ್ತು.

"ತಿಪಟೂರಲ್ಲೇ ಒಂದು ಮನೆ ಮಾಡೋಕಾಗಲ್ವಾ?" ಎಂದು ಕೇಳಿದಳು. ಅವಳು ಕೇಳಬಾರದ್ದೇನೂ ಕೇಳಲಿಲ್ಲ. ಆದರೆ ತೋಟಕ್ಕೆ ಕರೆಂಟು ಬರುವುದು ಅದು ಬಂದಾಗ. ಹಸುಗಳು ಎರಡು ಹೊತ್ತು ಕೂಗುತ್ತವೆ. ಅಮ್ಮನ ಮಂಡಿ ಆಗಲೇ ಹೋಗಿತ್ತು. ದಾರಿ ಹುಡುಕುತ್ತೇನೆ, ಸ್ವಲ್ಪ ಟೈಮು ಕೊಡಿ ಎಂದೆ. ಆಯ್ತು ಎಂದಳು. ಅಮ್ಮನಿಗೆ ಹೇಳಿದೆ. ಹೋಗಪ್ಪ, ನಾನೂ ಬತ್ತೀನಿ, ಹಸು ಮಾರ್ಬುಡಣ ಎಂದಳು ಅಮ್ಮ, ಕಣ್ಣು ಒಲೆಯ ಕಡೆಯಿಂದ ಎತ್ತದೆ. ತೋಟವನ್ನು ವಾರಕ್ಕೆ, ಅಂದರೆ ಪಾಲಿಗೆ, ಮಾಡಲು ಊರಲ್ಲಿ ಕೈಯಾಡುವ ಜನರಿರಬೇಕಲ್ಲ? ನಾನು ಕೇಳಿದವರೆಲ್ಲ ತಮ್ಮದನ್ನೇ ಯಾರಾದರೂ ನೋಡಿಕೊಂಡರೆ ಸಾಕು ಎಂದರು. ಹಸುಗಳನ್ನು ಮಾರಿದೆ. ಮಾರಿದ ಮೇಲೂ ತೋಟ ಉಳಿದಿತ್ತು.

ಮಳೆ ಶುರುವಾಗುವ ಹೊತ್ತಿಗೆ ಅವಳ ಫೋನ್ ಮತ್ತೆ ಬಂತು. ತೋಟದಲ್ಲಿದ್ದೆ.

"ಅಪ್ಪ ಬೇರೆ ಕಡೆ ಒಪ್ಕೊಂಡ್ರು," ಎಂದಳು.

"ನೀವು?"

"ನಾನೂ." ಆಮೇಲೆ, "ನೀವು ಬಸ್ಸು ತರಿಸಿದ್ರಲ್ಲ, ಅಷ್ಟು ಯಾರೂ ಮಾಡಿರ್ಲಿಲ್ಲ ನಂಗೋಸ್ಕರ," ಎಂದಳು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಒಳ್ಳೆಯದಾಗಲಿ ಎಂದೆ. ದನಿ ಸರಿಯಾಗಿಯೇ ಬಂತು. ಆಮೇಲೆ ಅಲ್ಲೇ ಮರದ ಬುಡದಲ್ಲಿ ಕೂತೆ. ಎದ್ದು ಮನೆಗೆ ಹೋದರೆ ಅಮ್ಮನಿಗೆ ಹೇಳಬೇಕಾಗುತ್ತದೆ ಎಂದು ಏಳಲಿಲ್ಲ.

ದೊಡ್ಡಪ್ಪ ಆ ವರ್ಷ ಕಳೆಯುವುದರೊಳಗೆ ಹೋದ. ಹೊರಲು ನಾಲ್ಕು ಜನ ಸಿಕ್ಕರು. ಬದಲಿ ಹೆಗಲು ಕೊಡಲು ಪಕ್ಕದ ಊರಿನಿಂದ ಫೋನ್ ಮಾಡಿ ಕರೆಸಿಕೊಂಡೆವು. ದಲ್ಲಾಳಿಯೊಬ್ಬ, ದೂರದ ಜಿಲ್ಲೆಯಿಂದ ಹೆಣ್ಣು ಕೊಡಿಸುತ್ತೇನೆಂದು ನಮ್ಮ ಬೀದಿಗೆ ಬಂದು ಹೋದ. ನನ್ನ ಕ್ಲಾಸ್‌ಮೇಟು ಅವನ ಹಿಂದೆ ಹೋದ, ಒಬ್ಬನೇ ವಾಪಸ್ಸು ಬಂದ, ಏನಾಯಿತೆಂದು ಯಾರಿಗೂ ಹೇಳಲಿಲ್ಲ. ನಾನು ದಲ್ಲಾಳಿಯನ್ನು ಮನೆಗೆ ಸೇರಿಸಲಿಲ್ಲ. ದೊಡ್ಡಸ್ತಿಕೆಯಿಂದಲ್ಲ. ಇನ್ನೊಬ್ಬ ಹೆಣ್ಣುಮಗಳನ್ನು ಆ ದಾರಿಯಲ್ಲಿ ನಡೆಸಿಕೊಂಡು ಬಂದು, ಅವಳ ಮುಖ ನೋಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಈಚೆಗೆ ಮನೆ ಮನೆ ಎಣಿಸಲು ಒಬ್ಬ ಮೇಡಂ ಬಂದಿದ್ದರು, ಬೇರೆ ಊರಿನ ಟೀಚರು. ಬೀಗ ಹಾಕಿದ ಮನೆಗಳನ್ನು ಬಿಟ್ಟು ಬಂದದ್ದರಿಂದ ನಮ್ಮನೆಗೆ ಬರುವ ಹೊತ್ತಿಗೆ ಇನ್ನೂ ತಿಂಡಿಯ ಸಮಯ. ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ನೀರು ಕುಡಿದು, ಮೊಬೈಲಿನಲ್ಲಿ ಒಂದೊಂದೇ ಕೇಳುತ್ತ ಹೋದರು. ಮನೆಯಲ್ಲಿ ಇಬ್ಬರೇನಾ? ಇಬ್ಬರೇ. ನಿಮ್ಮ ವಯಸ್ಸು? ಹೇಳಿದೆ. ಮದುವೆ?

ಇಷ್ಟು ವರ್ಷ ಯಾರು ಈ ಪ್ರಶ್ನೆ ಕೇಳಿದರೂ ಅಮ್ಮ ನನಗಿಂತ ಮೊದಲೇ, ಇನ್ನೂ ಆಗಿಲ್ಲ, ನೋಡ್ತಾ ಇದೀವಿ, ನಿಮ್ಮ ಕಡೆ ಯಾರಾರಾ ಇದ್ರೆ ಹೇಳಿ ಎನ್ನುತ್ತಿದ್ದಳು. ಅವತ್ತು ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಆಗ್ಲಿಲ್ಲ ಕಣಮ್ಮ," ಎಂದಳು.

ಮೇಡಂ ತಲೆಯಾಡಿಸಿ ಬೆರಳಿನಿಂದ ಮುಂದಿನ ಪ್ರಶ್ನೆಗೆ ಸರಿಸಿದರು.